ಟವಲು, ಟೇಬಲು

ಹೊಳಲು ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಮೇಲೆ
ನನ್ನದೊಂದು ಕೋಣೆ, ಹನ್ನೊಂದು ಕುರ್ಚಿ,
ಅದರಲ್ಲೊಂದು ಕುಂಟು.
ಸಂಜೆ ಆರಕ್ಕೆ ಬರುತ್ತಾಳೆ ನಿಂಗಾಜಮ್ಮ,
ಬೆಲ್ಲದ ಮಂಡಿಯ ಒಡತಿ.
ಅವಳು ಕೂತೆದ್ದ ಕುರ್ಚಿಗೆ
ರಾತ್ರಿಯೆಲ್ಲ ಇರುವೆ.

‘ಗುರುವಾರ ರಾಜ್‌ಕೋಟಿನೋನು ಫೋನ್ ಮಾಡ್ತಾನೆ ಮೇಡಂ,
ಮುನ್ನೂರು ಕ್ವಿಂಟಾಲು. ಅವನ ಇಂಗ್ಲಿಷು
ನೆಟ್ಟಗೆ ಬರಕಿಲ್ಲ, ಸುತ್ತಿ ಬಳಸಿ ಬತ್ತದೆ.’

ಸುತ್ತಿ ಬಳಸುವುದಕ್ಕೂ ಒಂದು ಮಾತಿದೆ ಎಂದು
ಬೋರ್ಡಿನ ಮೇಲೊಂದು ಪೊದೆ ಬರೆದೆ:
ಬೀಟ್ ಅರೌಂಡ್ ದಿ ಬುಷ್.
‘ಪೊದೆ ಒಳಗೆ ಏನದೆ?’
ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನನಗೂ ಗೊತ್ತಿರಲಿಲ್ಲ.

ಬಾಲ್‌ಪಾರ್ಕ್ ಫಿಗರ್ ಎಂದರೆ ಅಂದಾಜು ಎಂದೆ.
ಅಂದಾಜಿಗೆ ಚೆಂಡಾಟದ ಬಯಲು ಯಾಕೆ ಎಂದಳು.
ಸ್ವೀಟನ್ ದಿ ಡೀಲ್ ಎಂದಾಗ ಮಾತ್ರ
ಕಿವಿ ನಿಮಿರಿತು ಬೆಲ್ಲದವಳದ್ದು.
‘ನಮ್ಮಲ್ಲಿ ಮೊಣಕೈಗೆ ಸವರ್ತಾರೆ, ನಾಲಿಗೆಗೆ ಎಟುಕಕಿಲ್ಲ.
ಇವರು ಎಲ್ಲಿಗೆ ಸವರ್ತಾರೆ?’

ಬ್ಯಾಕ್ ಔಟ್, ಬ್ಯಾಕ್ ಡೌನ್, ಬ್ಯಾಕ್ ಅಪ್.
ಬೆನ್ನು ಒಂದೇ, ಬಾಲ ಬದಲಾದರೆ
ಹಣೆಬರಹವೇ ಬೇರೆ ಎಂದು ನಾನು ಬೆವರುವಾಗ
ಅವಳೇ ಸಮಾಧಾನ ಮಾಡಿದಳು:
‘ನಮ್ದ್ರಲ್ಲೂ ಅದೆ ಬುಡಿ.
ಬಿಟ್ಟುಕೊಡೋದು ಬ್ಯಾರೆ, ಬಿಟ್ಟುಹಾಕೋದು ಬ್ಯಾರೆ.
ಕೈ ಹಿಡಿದೋನು ಗಂಡ,
ಕೈ ಬಿಟ್ಟೋನೂ ಅವನೇ,
ಕೈ ಕೊಟ್ಟೋನು ಗುಮಾಸ್ತ.’

ಆಮೇಲೆ ಪುಸ್ತಕ ಮುಚ್ಚಿ ಹೇಳಿದಳು.
ಅವಳ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ.
ಟವಲು ಹೊದ್ದ ಎರಡು ಕೈ,
ಒಳಗೆ ಬೆರಳು ಹಿಚುಕಿದರೆ ಸಾವಿರ,
ಗಿಣ್ಣು ಒತ್ತಿದರೆ ನೂರು.
ಮೇಲೆ ಮುಖಗಳು ಮಾತ್ರ
ಮಗಳ ಮದುವೆ, ಮೊಮ್ಮಗನ ಜ್ವರ ಮಾತಾಡುತ್ತಿರುತ್ತವೆ.
ಹೆಂಗಸಿನ ಕೈ ಆ ಟವಲಿನೊಳಗೆ ಹೋಗುವಂತಿಲ್ಲ.
ಹನ್ನೆರಡು ವರ್ಷ ಅವಳ ಬೆಲೆ
ತಿಬ್ಬಯ್ಯನ ಕಿವಿಗೆ ಹೋಗಿ
ತಿಬ್ಬಯ್ಯನ ಬೆರಳಿಗೆ ಇಳಿದಿದೆ.
ಕಿವಿಯಿಂದ ಬೆರಳಿಗೆ ಎಷ್ಟು ದೂರ?
ಅಷ್ಟರಲ್ಲೇ ಕ್ವಿಂಟಾಲಿಗೆ ನಲವತ್ತು
ಸವೆಯುತ್ತಿತ್ತು.

‘ಟೇಬಲ್ ಮೇಲೆ ಇಡಿ ಅಂತಾರೆ ಅಂದ್ರಲ್ಲ ಮೇಡಂ,
ನಂಗೆ ಅದು ಬೇಕು.
ಟವಲಿಗೂ ಟೇಬಲಿಗೂ ಎಷ್ಟಕ್ಷರ ವ್ಯತ್ಯಾಸ?’

ಟೇಬಲಿನ ಅಡಿಯಲ್ಲಿ ನಡೆಯುವುದಕ್ಕೂ
ಅವರಲ್ಲೊಂದು ನುಡಿಗಟ್ಟಿದೆ.
ಆ ದಿನ ಹೇಳಿಕೊಡಲಿಲ್ಲ.

ಗುರುವಾರ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಿಂದ ಬಂದು ಕುಂಟು ಕುರ್ಚಿಯಲ್ಲಿ ಕೂತಿತ್ತು.
ಫೋನು ಸ್ಪೀಕರಿನಲ್ಲಿ, ಟೇಬಲಿನ ನಟ್ಟನಡುವೆ.
ಮೀಟ್ ಮಿ ಹಾಫ್‌ವೇ, ಎಂದ ಅವನು.
‘ಹೂ ಮೆಷರ್ಡ್ ರೋಡ್?’ ಎಂದಳು ಇವಳು.
ನಾನು ಕಲಿಸಿದ್ದಲ್ಲ.
ಅವನು ನಕ್ಕ, ನೂರು ಏರಿದ, ನಿಂತ.
ಟೇಕ್ ಇಟ್ ಆರ್ ಲೀವ್ ಇಟ್.

ಆಗ ಸೆರಗಿನ ಕೆಳಗೆ
ನನ್ನ ಕೈ ಹಿಡಿದಳು.
ನಾಲ್ಕು ಬೆರಳು ಹಿಚುಕಿದಳು,
ಆಮೇಲೆ ನಿಧಾನಕ್ಕೆ, ಒಂದೊಂದಾಗಿ, ಆರು ಗಿಣ್ಣು.
ಕೊಪ್ಪರಿಗೆ ಸುಟ್ಟ ಗುರುತಿನ ಒರಟು ಅಂಗೈ.
ನನಗೇಕೆ ಹೇಳಿದಳೋ, ಕೊಳ್ಳುವವಳು ನಾನಲ್ಲ.
ಹೇಳಿ ಮುಗಿಸಿ, ಫೋನಿಗೆ ಬಾಗಿ,
‘ಲೀವ್ ಇಟ್’ ಎಂದು
ಇಟ್ಟುಬಿಟ್ಟಳು.

ಅವನು ಮತ್ತೆ ಮಾಡಿದ, ಹತ್ತು ನಿಮಿಷಕ್ಕೆ.
ಅವಳು ವರಾಂಡಕ್ಕೆ ಹೋಗಿ ಮಾತಾಡಿದಳು,
ಕೆಳಗೆ ಮಳವಳ್ಳಿ ಬಸ್ಸು ಹಾರನ್ನು ಹೊಡೆಯುತ್ತಿತ್ತು.
ಎಷ್ಟಕ್ಕೆ ಕುದುರಿತೋ ನನಗೆ ಕೇಳಿಸಲಿಲ್ಲ,
ಅವಳೂ ಹೇಳಲಿಲ್ಲ.

ಚಪ್ಪಲಿ ಮೆಟ್ಟುತ್ತಾ ನನ್ನ ಫೀಸು ಕೇಳಿದಳು.
ಹೇಳಿದೆ. ಹೇಳಿದ ಉಸಿರಿನಲ್ಲೇ,
ನಿಮಗೆ ತೋಚಿದಷ್ಟು ಕೊಡಿ, ಎಂದೂ ಸೇರಿಸಿದೆ.

ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತು
ಬೆರಳೆತ್ತಿದಳು, ನಾನು ಕ್ಲಾಸಿನಲ್ಲಿ ಎತ್ತುವ ಹಾಗೆಯೇ:
‘ಹೋಲ್ಡ್ ಔಟ್, ಮೇಡಂ.’