ಬ್ಯಾಸ್ತವಾರ, ಮೂರರಿಂದ ಐದು

ಮೊದಲ ಬ್ಯಾಸ್ತವಾರ ನಾ ಹೋದಾಗ
ದಾವಲಬಿ ಮನಿ ಬಿಟ್ಟು ಹೊರಗ ಹೋಗಲೇ ಇಲ್ಲ.
ಚಪ್ಪಲಿ ಮೆಟ್ಟಿದಳು, ಬಿಟ್ಟಳು,
ಸೆರಗು ಹೊದ್ದು ಹೊಸ್ತಿಲದಾಗ ನಿಂತು
ತಿರುಗಿ ಬಂದು ಬಚ್ಚಲಾ ತಿಕ್ಕಿದಳು.
“ಎರಡು ತಾಸು ನಿನ್ನವು, ಹೋಗವಾ” ಅಂದೆ.
“ಎಲ್ಲಿಗೆ ಹೋಗ್ಲಿರೀ?” ಅಂದಳು.
ಗಂಡಗ ಲಕ್ವಾ ಹೊಡದು ಆರು ವರ್ಷ.
ಊರಾಗ ಇದ್ದಽ ಊರಿನ ದಾರಿ ಮರೀತಾವಂತ
ನನಗ ಆವತ್ತು ಗೊತ್ತಾತು.

ನಾ ಬಸ್ಸಿನ ಕಂಡಕ್ಟರ್ ಇದ್ದಾಕಿ.
ಹದಿನೆಂಟು ವರ್ಷ ನಿಂತಽ ದುಡದೀನಿ,
ಈಗ ಕೂಡೂದಽ ಡ್ಯೂಟಿ.
ನಾವು ಹನ್ನೊಂದು ಮಂದಿ, ನೂರು ಹಾಳಿ ನೋಟಬುಕ್ಕು,
ಯಾರ ಮನಿಗೆ ಯಾವ ವಾರ ಅಂತ ಬರದದ್ದು.
ಪಗಾರಿಲ್ಲ, ಬೋರ್ಡಿಲ್ಲ.
ಏನ ಮಾಡತೀರಿ ಅಂತ ಕೇಳಿದವರಿಗೆ
ಹೇಳಾಕ ನಾಚಿಕಿ ಬರತೈತಿ:
ಹೋಗಿ ಕುಂದರತೀವಿ.

ಮಕ್ತುಮಸಾಬ್ರು ಗದಗ ರಸ್ತೆದ ರೈಲ್ವೆ ವರ್ಕಶಾಪಿನ್ಯಾಗ
ಗಾಲಿ ಬಡದು ಕೇಳವ್ರು.
ಸುತ್ತಿಗೀಲೆ ಒಂದು ಸಣ್ಣ ಏಟು, ಆಮ್ಯಾಲೆ ಕಿವಿ.
ಗಟ್ಟಿ ಗಾಲಿ ಗಂಟಿ ಹಂಗ ಅಂತಿತ್ತಂತ,
ಬಿರಕ ಬಿಟ್ಟದ್ದು ಒಡದ ಗಡಿಗಿ ಹಂಗ.
ಈಗ ಎಡಗೈ ಒಂದಽ ಅವರ ಮಾತು ಕೇಳತೈತಿ.
ಮಂಚದ ಕಬ್ಬಿಣದ ಪಟ್ಟಿಗೆ
ಚಮಚಾಲೆ ಬಡೀತಾರ. ಟಣ್.
ಬಡದು ನನ್ನ ಮಾರಿ ನೋಡತಾರ.
“ಬರೋಬ್ಬರಿ ಐತ್ರಿ” ಅಂತೀನಿ.
ಕೆಲವು ವಾರ ನಮ್ಮ ಮಾತುಕತಿ ಇಷ್ಟಽ.
ಒಂದಿನ ನೀರಿನ ವಾಟಗಾ, ಒಂದಿನ ಕಿಡಕಿ ಸಳಿ,
ಒಂದಿನ ನನ್ನ ಮಣಕಾಲು.
ಬಡದು, ಕೇಳಿ, ಇಲ್ಲ ಅಂತ ತಲಿ ಅಲ್ಲಾಡಿಸಿದರು.
ಖರೇನಽ. ಆ ಮಣಕಾಲು ಪಾವಟಿಗಿ ಹತ್ತೂದಿಲ್ಲ.

ಎರಡನೇ ವಾರ ದಾವಲಬಿ ಕಾಯಿಪಲ್ಲೆ ತಂದಳು,
ಮೂರನೇ ವಾರ ಗುಳಿಗಿ.
“ಇದು ಹೊರಗ ಹೋದಂಗ ಅಲ್ಲ” ಅಂದೆ.
ನಾಕನೇ ವಾರ ಚಿಗರಿ ಬಸ್ ಹತ್ತಿ
ಧಾರವಾಡದ ಮಟಾ ಹೋಗಿ ಬಂದಳು.
ಏನ ನೋಡಿದಿ ಅಂದರ,
ಉಣಕಲ್ಲ ದಾಟೂದರಾಗ ಕಣ್ಣು ಹತ್ತಿದ್ದು
ಕೊನೀ ಸ್ಟಾಪಿನ್ಯಾಗ ಯಾರೋ ಎಬ್ಬಿಸಿದರಂತ.
ನಿದ್ದಿಗಂತ ಟಿಕೀಟ ತಗೊಂಡವರನ್ನ ನಾ ಭಾಳ ನೋಡೀನಿ.
ಅವರನ್ನ ಇಳಸೂದು ಜೀವಕ್ಕ ಬರತೈತಿ.

ಐದನೇ ವಾರ ನನ್ನ ಮನಿ ಕೀಲಿಕೈ ಕೊಟ್ಟೆ.
ಮೂರನೇ ಓಣಿ, ನೀಲಿ ಬಾಗಲಾ.
ಸ್ವಲ್ಪ ಎತ್ತಿ ತಗಿ. ಫ್ಯಾನು ಮೂರಕ್ಕಿಡು,
ನಾಕಕ್ಕ ಸಪ್ಪಳ ಮಾಡತೈತಿ.
ಕೌದಿ ಒಗದೀನಿ, ಹೊಚ್ಚಿಕೊಂಡು ಮಲಕೋ.
ಅಡಗಿಮನಿಗೆ ಮಾತ್ರ ಹೋಗಬ್ಯಾಡ,
ಭಾಂಡೆ ಅದಾವು, ನೀ ತಿಕ್ಕತಿ.

ತಿಕ್ಕಿದ್ದಳು. ಒಂದು ತಾಟು, ಒಂದು ವಾಟಗಾ, ಚಾದ ಪಾತೇಲಿ
ಬೋರಲ ಹಾಕಿ ಹೋಗಿದ್ದಳು.
ನನಗ ಸಿಟ್ಟು ಬಂದು ಅಳು ಬಂತು.

ನಮ್ಮವ್ವ ಹಾಸಿಗಿ ಹಿಡದಾಗ
ನನಗ ಯಾರೂ ಕೀಲಿಕೈ ಕೊಟ್ಟಿರಲಿಲ್ಲ.
ಎರಡನೇ ಪಾಳಿ ಮುಗಿಸಿ ಬಂದ ಒಂದು ರಾತ್ರಿ
ಅನಬಾರದ ಒಂದು ಮಾತು ಅಂದೆ.
ಆಕಿ ಅದನ್ನ ಕೇಳಿಸಿಕೊಂಡಿದ್ದಳೋ ಇಲ್ಲೋ
ಕೇಳಾಕ ಧೈರ್ಯ ಬರೂದರಾಗ
ಹೋಗಿಬಿಟ್ಟಳು.

ಹೋದ ವಾರ ಐದಾತು, ದಾವಲಬಿ ಬರಲಿಲ್ಲ.
ಆರಾತು. ಗಂಜಿ ಕುಡಿಸಿದೆ, ಮಗ್ಗಲಾ ಬದಲಿಸಿದೆ,
ಒದ್ದಿ ಆದ ಲುಂಗಿ ತಗದು ಬ್ಯಾರೆ ಸುತ್ತಿದೆ.
ಅವರು ಕಣ್ಣು ಮುಚ್ಚಿಕೊಂಡರು. ನಾನೂ ಗ್ವಾಡಿ ನೋಡಿದೆ.
ಬಾಗಲಾ ನೋಡಕೋತ ಪಟ್ಟಿ ಬಡದಽ ಬಡದರು.
“ಬರೋಬ್ಬರಿ ಐತ್ರಿ, ಬರೋಬ್ಬರಿ ಐತ್ರಿ.”

ಏಳಕ್ಕ ಓಡಿ ಬಂದಳು, ಏದುಸಿರು,
ಗಲ್ಲದ ಮ್ಯಾಲೆ ಕೌದಿ ಹೊಲಿಗಿ ಸಾಲು ಮೂಡಿ.
“ತಪ್ಪಾತ್ರೀ ಅಕ್ಕಾ, ತಪ್ಪಾತು…”
ಮಕ್ತುಮಸಾಬ್ರು ಚಮಚಾ ಚಾಚಿ
ಆಕಿ ಬಳಿಗೆ ಮೆಲ್ಲಕ ಬಡದರು.
ಕಿವಿ ವಾಲಿಸಿದರು. ಭಾಳ ಹೊತ್ತು.
ಏನೂ ಹೇಳಲಿಲ್ಲ.

ಮನಿಗೆ ಬಂದು ದೀಪ ಹಚ್ಚಿದೆ.
ತಾಟು, ವಾಟಗಾ, ಪಾತೇಲಿ
ಮುಂಜಾನೆ ಇಟ್ಟಲ್ಲೇ, ಅನ್ನದ ಅಗಳು ಒಣಗಿ.
ಹೊಲಸು ಭಾಂಡೆ ನೋಡಿ
ಇಷ್ಟು ಸಂತೋಷ ಆಗಿದ್ದು ಇದಽ ಮೊದಲು.
ತಿಕ್ಕಾಕ ಕುಂತಾಕಿ
ತಾಟು ಎತ್ತಿ ಹಿಡದು
ಚಮಚಾಲೆ ಒಮ್ಮೆ ಬಡದು ನೋಡಿದೆ.