ತಿಂಗಳ ಮೊದಲ ಶುಕ್ರವಾರ

ಮಾಪ್ಸಾದ ಸಂತಿ ಹಿಂದ,
ಮೀನಿನ ಬರ್ಫದ ನೀರು ಹರದು ಬರೂ ತಿರುವಿನಾಗ
ನನ್ನ ಗ್ಯಾರೇಜು. ಬೋರ್ಡಿನ ಮ್ಯಾಲ
ಇನ್ನೂ ಹಿಂದಿನ ಮಾಲಕನ ಹೆಸರು.
ಇಲ್ಲಿಗೆ ಗಾಡಿ ತಾವಾಗಿ ಬರೂದಿಲ್ಲ,
ನೂಕಿಸ್ಕೊಂಡು ಬರ್ತಾವ.
ಕ್ಲಚ್ಚಿನ ವಾಯರು ಹರದು, ಚೈನು ಕಳಚಿ, ಇಂಜಿನ್ನು ಹಿಡದು,
ಹಿಂದ ಬೆವತು ನಿಂತ ಬಾಡಿಗಿ ಗಾಡಿ ಹುಡುಗರು:
‘ನಿನ್ನೆ ತನಕಾ ಛಲೋ ಇತ್ತು ಉಸ್ತಾದ್.’
ನಿನ್ನೆ ತನಕಾ
ಎಲ್ಲಾನೂ ಛಲೋನ ಇರ್ತಾವ.

ಬರ್ನಾರ್ದಿನ್ ಬಾಯಿ ಒಬ್ಬರ
ತಿಂಗಳ ಮೊದಲ ಶುಕ್ರವಾರ
ಇಗರ್ಜಿ ಮುಗಿಸಿ ಸೀದಾ ಇಲ್ಲಿಗೆ.
ಹದಿನೇಳು ವರ್ಷದ ಬೂದಿ ಬಣ್ಣದ ಸ್ಕೂಟರು,
ಮುಂದಿನ ಬುಟ್ಟ್ಯಾಗ ಪಾವು, ಒಂದು ಹಿಡಿ ಹರವಿ ಸೊಪ್ಪು.
‘ಏನಾಗೇತಿ ಬಾಯಿ?’
‘ಕಾಂಯ್ಚ್ ಜಾವಂಕ್ ನಾ.’
ಏನೂ ಆಗಿಲ್ಲ. ಅದಕ್ಕ ಬಂದೇನಿ.

ಮೊದಮೊದಲ ನನಗ ಸಿಟ್ಟು ಬರ್ತಿತ್ತು.
ಗಟ್ಟಿಮುಟ್ಟ ಇದ್ದಾಂವ ದವಾಖಾನ್ಯಾಗ ಪಾಳಿ ಹಚ್ಚಿದಂಗ
ಸಂತಿ ದಿನದ ಗದ್ದಲದಾಗ ಇದೊಂದು.
ಬ್ರೇಕಿನ ಶೂ ಬಿಚ್ಚಿ ತೋರಸಬೇಕು,
ಅರ್ಧ ಸವದಿದ್ರ ಹೊಸಾದು ಹಾಕಬೇಕು.
‘ಇನ್ನೂ ಎರಡು ಸಾವಿರ ಕಿಲೋಮೀಟರು ಹೋಗ್ತೈತಿ ಬಾಯಿ.’
‘ಹೋಗಲಿ. ನನ್ನ ಬಿಟ್ಟು ಹೋಗಲಿ.’

ಚೀಲದಾಗ ಮೂಲಿ ಮಡಚಿದ ಒಂದು ನೋಟುಬುಕ್ಕು.
ಅಕ್ಷರ ನನಗ ತಿಳಿಯೂದಿಲ್ಲ, ಅವರ ಓದಿ ಹೇಳ್ತಾರ:
ಎಣ್ಣಿ, ಪ್ಲಗ್ಗು, ಗಾಳಿ,
ಕುಕ್ಕರಿನ ರಬ್ಬರು, ಬಾವಿ ಪಂಪಿನ ವಾಶರು,
ಫ್ರಿಜ್ಜಿನ ಬೆನ್ನಿನ ಧೂಳಾ,
ಮಳಿಗಿಂತ ಮೊದಲ ಹಂಚು ಹದಿನಾಲ್ಕು,
ನಾದಿನಿಗೆ ಫೋನು.
ಅದ್ಯಾಕ ಈ ಪಟ್ಟಿಯಾಗ ಅಂತ ನಾ ಕೇಳಲಿಲ್ಲ.
ಆಕಿ ಕಡೆ ಏನು ಸವದೈತೋ.

ಖರೇ ಹೇಳ್ತೀನಿ, ಒಮ್ಮೆ ಲೆಕ್ಕಾ ಹಾಕಿದೆ.
ಎಂಟು ವರ್ಷದಾಗ ಈಕಿ ಒಮ್ಮೆನೂ
ಇಂಜಿನ್ ಬಿಚ್ಚಿಸಿಲ್ಲ, ಟೋಯಿಂಗ್ ಕೊಟ್ಟಿಲ್ಲ,
ಅರ್ಧ ರಾತ್ರಿ ಫೋನ್ ಮಾಡಿ ಅತ್ತಿಲ್ಲ.
ಎಲ್ಲಾರೂ ಹಿಂಗ ಬಂದ್ರ
ನನ್ನ ಹೊಟ್ಟಿ ಯಾವ ಹಾದಿ ಹಿಡೀಬೇಕು?
ಆ ಲೆಕ್ಕದ ಉತ್ತರ ನನಗ ಇನ್ನೂ ಸಿಕ್ಕಿಲ್ಲ.

ಈ ಸಲ ರೊಕ್ಕಾ ಎಣಸಿ ಕೊಡಕೋತ ಕೇಳಿದರು:
‘ನಿಮ್ಮ ಮನಿ ಗ್ಯಾಸಿನ ಪೈಪು ಯಾವ ವರ್ಷದ್ದೋ, ದುರಗಪ್ಪಾ?’
ನಾ ನಕ್ಕೆ. ಪೈಪಿಗೆ ಎಲ್ಲೀ ವರ್ಷ?
ಮಂದಿ ಗಾಡಿಗೆಲ್ಲಾ ಕೈ ಹಾಕಾಂವ
ಮನ್ಯಾಗ ಒಲಿ ಕೆಳಗ ಬಗ್ಗಿದಾಂವಲ್ಲ.

ರಾತ್ರಿ ದುಲೇರದ ಬಾಡಿಗಿ ಖೋಲಿಯಾಗ
ಮೊಬೈಲಿನ ಬೆಳಕು ಹಿಡದು ಕುಕ್ಕರಗಾಲಿಲೆ ಕುಂತೆ.
ಕೇಸರಿ ಪೈಪಿನ ಮ್ಯಾಲ ಜಿಡ್ಡು, ಜಿಡ್ಡಿನ ಕೆಳಗ ಇಸವಿ,
ಹೋದ ವರ್ಷನ ಅದರ ಆಯುಷ್ಯ ತೀರಿತ್ತು.
ಬಗ್ಗಿಸಿದೆ: ಸಣ್ಣ ಸಣ್ಣ ಸೀಳು.
ಎಲ್ಲೋ ನೋಡಿದಂಗೈತೆಲ್ಲಾ ಅಂತ ಹಿಂದ ಹೊಳ್ಳಿದರ
ರೊಟ್ಟಿ ತಟ್ಟಾಕ ಕಾಯ್ಕೋತ ನಿಂತ
ನೀಲವ್ವನ ಹಿಮ್ಮಡ.

ರೆಗ್ಯುಲೇಟರ್ ಬಂದ್ ಮಾಡಿದೆ.
ಅಂಗಡಿ ಮುಚ್ಚೂದರಾಗ ಓಡಿ ಹೋಗಿ
ಪೈಪು ತಂದೆ, ಎರಡು ಕ್ಲಿಪ್ಪು ತಂದೆ,
ಬಾಜೂ ಅಂಗಡ್ಯಾಗ ಒಂದು ವ್ಯಾಸಲೀನ್ ಡಬ್ಬಿ.
ಪೈಪು ಕೂಡಿಸಿ, ಸಾಬೂನಿನ ನೊರಿ ಹಚ್ಚಿ ನೋಡಿದೆ.
ಗುಳ್ಳಿ ಏಳಲಿಲ್ಲ.
ಡಬ್ಬಿ ಆಕಿ ಮುಂದ ಸರಿಸಿದೆ, ಸುಮ್ಮನ.
‘ಇದೇನು?’
‘ಗ್ರೀಸು.’
‘ಯವ್ವಾ! ನಾ ಏನ ನಿನ್ನ ಸ್ಕೂಟರ?’
ನಕ್ಕಳು. ಕಡ್ಡಿ ಕೊರದಳು.

ನೀಲಿ ಉರಿ, ಗುಂಡಗ.
ರೊಟ್ಟಿ ಉಬ್ಬಿತು, ಇಳೀತು.
ಒಂಬತ್ತಕ್ಕ ಉಂಡವಿ. ಹತ್ತಕ್ಕ ಮಲಗಿದವಿ.
ಏನೂ ಆಗಲಿಲ್ಲ.

ಏನೂ ಆಗದ ಆ ರಾತ್ರಿ
ನಾ ಭಾಳ ಹೊತ್ತು ಎದ್ದ ಇದ್ದೆ.