ಷರಾ

ಪಿರಿಯಾಪಟ್ಟಣದ ಮೊದಲ ಬಸ್ಸಿಗೆ ಬಂದು
ಹುಣಸೂರಿನ ನಮ್ಮ ಮಣ್ಣು ಪರೀಕ್ಷೆಯ ಕೋಣೆಯಲ್ಲಿ
ಚೆನ್ನಾಜಮ್ಮ ಕುಕ್ಕರಗಾಲಲ್ಲಿ ಕೂತಳು.
ಮಡಿಲಿಂದ ತೆಗೆದಳು ಒಂದು ಸೇರು ಹೊಲ,
ಮೊಮ್ಮಗಳ ಹಳೇ ಟಿಫಿನ್ ಡಬ್ಬಿಯಲ್ಲಿ.

'ಮೂರು ವರ್ಸ ಸುಂಟಿಗೆ ಗುತ್ತಿಗೆ ಕೊಟ್ಟಿದ್ವಿ.
ಗೊಬ್ಬರ ಸುರಿದ್ರು, ಬೆಳ್ಕೊಂಡ್ರು, ಬಿಟ್ಟೋದ್ರು.
ರಾಗಿ ಬಿತ್ತಿದೆ. ಬೇರು ನೋಡು,
ಕಡ್ದ ನಾಯಿ ಬಾಲದಂಗೆ ಮೋಟು.'

ಜರಡಿ ಹಿಡಿದೆ.
ಎರೆಹುಳು ಇಲ್ಲ, ಅದು ಕೊರೆದ ದಾರಿಯೂ ಇಲ್ಲ.
ಉಳಿದದ್ದು ಬಸವನಹುಳದ ಒಂದು ಚಿಪ್ಪು,
ಬೆರಳ ನಡುವೆ ಹಿಡಿದರೆ
ಸದ್ದೂ ಮಾಡದೆ ಪುಡಿಯಾಯಿತು.
ನನ್ನ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಸೀಸೆಯಲ್ಲಿ ಕಲಕಿ, ತಿಳಿ ನಿಂತ ಮೇಲೆ
ಮೂರು ಹನಿ ಬಿಟ್ಟೆ.
ಕೆಂಪಾಯಿತು.
ಅವಳ ಮುಖ ಅರಳಿತು:
'ಓಕುಳಿ ನೀರಂಗಾಯ್ತು! ಒಳ್ಳೇದಲ್ವ?'

ಹೇಗೆ ಹೇಳಲಿ.
ಅವಳ ಆರತಿ ತಟ್ಟೆಯಲ್ಲಿ ಅರಿಸಿನಕ್ಕೆ
ಸುಣ್ಣ ತಾಕಿದ್ದಕ್ಕೆ ಕೆಂಪು,
ನನ್ನ ಸೀಸೆಯಲ್ಲಿ ಸುಣ್ಣ ತೀರಿದ್ದಕ್ಕೆ ಕೆಂಪು.
ನೆಲವೋ, ಮೊದಲಿಂದಲೂ ಕೆಂಪೇ;
ಅದರ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ.

'ಹುಳಿಯಾಗಿದೆ ಅಜ್ಜಿ.'
'ಹುಣಸೇಹಣ್ಣಿನಂಗಾ?'
'ಅಷ್ಟಿಲ್ಲ. ಮಜ್ಜಿಗೆಯ ಹಾಗೆ.'
'ಮಜ್ಜಿಗೇಲಿ ಯಾರು ರಾಗಿ ಬಿತ್ತಾರು!'
ನಕ್ಕಳು. ಆಮೇಲೆ ನಗಲಿಲ್ಲ.

ಹೊಲದ ಕೆಳಗಿನ ಕಟ್ಟೆಯ ಮಾತು ತೆಗೆದಳು:
ನೀರು ಈಗ ಕನ್ನಡಿಯಂತೆ, ತಳದ ಕಲ್ಲು ಎಣಿಸಬಹುದಂತೆ,
ಊರವರು ಬಂದು ನೋಡಿ ಶುದ್ಧ ಅನ್ನುತ್ತಾರಂತೆ.
ಕಪ್ಪೆ ಕೂಗಿದ್ದು ಕೇಳಿ ಮಾತ್ರ ಎರಡು ಮಳೆಗಾಲವಾಯಿತು.
ಬೇಲಿಯ ಗೂಡಿನಲ್ಲಿ, ತಾಯಿಹಕ್ಕಿ ಕೂತ ಭಾರಕ್ಕೆ
ಮೊಟ್ಟೆಯೇ ಕುಸಿದಿತ್ತೆಂದು ಮೊಮ್ಮಗಳು ಬಂದು ಹೇಳಿದಳಂತೆ.
ಒಂದಕ್ಕೊಂದು ಏನಾದರೂ ನಂಟಿದೆಯಾ
ಎಂದು ಅವಳು ಕೇಳಲಿಲ್ಲ.
ಕೇಳಬಹುದಿತ್ತು.

'ಎಷ್ಟು ಸುಣ್ಣ ಬೇಕಾಯ್ತದೆ?'
'ಎಕರೆಗೆ ಹತ್ತು ಚೀಲ.'

ಎಲೆಯಡಿಕೆ ಸಂಚಿಯ ಹಿತ್ತಾಳೆ ಡಬ್ಬಿ ಬಿಚ್ಚಿ
ಉಗುರ ತುದಿಗೆ ಸುಣ್ಣ ಹತ್ತಿಸಿಕೊಂಡಳು;
ಎಲೆಗೆ ಸವರಲಿಲ್ಲ.
ಜರಡಿಯ ಮಣ್ಣಿಗೆ ಒಂದು ಚುಕ್ಕೆ,
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಮಾದರಿ ಕೆಟ್ಟಿತು. ಸುಮ್ಮನಿದ್ದೆ.

ನಾಲ್ಕೂವರೆ ಎಂದು ಬರೆದೆ.
ಷರಾದ ಸಾಲಿಗೆ ಬಂದು ಪೆನ್ನು ನಿಂತಿತು.
ಹೊರಗೆ ತಂಬಾಕಿನ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.
ಅವಳು ಖಾಲಿ ಡಬ್ಬಿ ಮುಚ್ಚುತ್ತ ಅಂದಳು:
'ಬರ್ಕೊ. ಚಿಪ್ಪೊಂದಿತ್ತು ಅಂತ.'